ಕಾಮರ್ಸ್ ಟೀಚರ್ ಕಲಿಯುವುದು ಯಾವಾಗ, ಯಾರಿಂದ?

ಫಿಸಿಕ್ಸ್ ಕಲಿಸುವ ಗೆಳೆಯರಿಗೆ ಒಂದು ಅನುಕೂಲವಿದೆ. ಅವರು ಕಾಲೇಜಿನಲ್ಲಿ ಓದಿದ ನ್ಯೂಟನ್ನನ ನಿಯಮಗಳು ಇವತ್ತು ಅವರು ಪಾಠ ಮಾಡುವಾಗಲೂ ಹಾಗೆಯೇ ಇವೆ. ಗಣಿತದವರಿಗೂ ಅಷ್ಟೇ, ಪೈಥಾಗರಸ್ ಯಾವ ತಿದ್ದುಪಡಿಯನ್ನೂ ಹೊರಡಿಸಿಲ್ಲ. ಕಾಮರ್ಸ್ ಕಲಿಸುವ ನಮಗೆ ಆ ಭಾಗ್ಯವಿಲ್ಲ. ಬಜೆಟ್ ಬಂದರೆ ನಮ್ಮ ಪಾಠ ಬದಲಾಗುತ್ತದೆ, ಕಾಯ್ದೆ ಬಂದರೆ ಬದಲಾಗುತ್ತದೆ, ಎರಡು ಬ್ಯಾಂಕುಗಳು ಒಂದಾದರೂ ಬದಲಾಗುತ್ತದೆ. ಐದು ವರ್ಷ ಕಣ್ಣು ಮುಚ್ಚಿಕೊಂಡು ಪಾಠ ಮಾಡಿದ ಕಾಮರ್ಸ್ ಟೀಚರ್ ಕೊನೆಗೆ ಕಲಿಸುವುದು ಇತಿಹಾಸವನ್ನು!

ಯು.ಎ.ಇ.ಯ ಭಾರತೀಯ ಶಾಲೆಗಳಲ್ಲಿ ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್, ಇಕನಾಮಿಕ್ಸ್ ಕಲಿಸುತ್ತಿರುವ, ಈ ಸಂಘದ ಸದಸ್ಯರೂ ಆಗಿರುವ ಕೆಲವು ಶಿಕ್ಷಕ ಶಿಕ್ಷಕಿಯರು ಸೇರಿ ಈ ಲೇಖನ ಬರೆಯುತ್ತಿದ್ದೇವೆ. ಟೀಚರುಗಳ ತಾಪತ್ರಯ ನಮಗೇಕೆ, ನಮ್ಮ ಡ್ಯೂಟಿಯೇ ನಮಗೆ ಸಾಕಾಗಿದೆ ಎಂದು ಪುಟ ತಿರುವಬೇಡಿ. ಕಾರಣ ಎರಡಿದೆ. ಒಂದು, ನಮ್ಮ ಮುಂದೆ ಕುಳಿತಿರುವವರು ನಿಮ್ಮ ಮಕ್ಕಳು. ಎರಡು, ನಮಗೆ ಬೇಕಾದ ಪಾಠ ಇರುವುದು ನಿಮ್ಮ ಹತ್ತಿರ. ನಿಮ್ಮ ಗೋದಾಮಿನಲ್ಲಿ, ನಿಮ್ಮ ಕಂಪ್ಯೂಟರಿನಲ್ಲಿ, ನಿಮ್ಮ ಮೇಜಿನ ಮೇಲಿರುವ ಫೈಲಿನಲ್ಲಿ.

ಹಳೆಯ ನೋಟ್ಸು, ಹೊಸ ಲೋಕ

ಕೆಲವೇ ವರ್ಷಗಳಲ್ಲಿ ಏನೇನು ಬದಲಾಗಿದೆ ನೋಡಿ. 2017ರ ಜುಲೈ 1ರಂದು ಭಾರತದಲ್ಲಿ ಜಿ.ಎಸ್‌.ಟಿ. ಬಂತು. ಅದಕ್ಕೂ ಮೊದಲು ಬಿ.ಕಾಂ., ಎಂ.ಕಾಂ. ಮುಗಿಸಿ ಗಲ್ಫಿಗೆ ಬಂದವರು ಸೇಲ್ಸ್ ಟ್ಯಾಕ್ಸು, ಎಕ್ಸೈಸು, ಸರ್ವಿಸ್ ಟ್ಯಾಕ್ಸು ಎಂದು ಓದಿದವರು. ಜಿ.ಎಸ್‌.ಟಿ. ಬಿಲ್ ಹಾಕುವ ಅಂಗಡಿಯಲ್ಲಿ ರಜೆಯ ದಿನಗಳಲ್ಲಿ ಸಾಮಾನು ಕೊಂಡದ್ದಷ್ಟೇ ಅವರಿಗೆ ಅದರ ಪ್ರತ್ಯಕ್ಷ ಅನುಭವ. ಆದರೆ ಮಕ್ಕಳಿಗೆ ಸಿ.ಜಿ.ಎಸ್‌.ಟಿ., ಎಸ್‌.ಜಿ.ಎಸ್‌.ಟಿ., ಐ.ಜಿ.ಎಸ್‌.ಟಿ. ಜರ್ನಲ್ ಎಂಟ್ರಿ ಬರೆಸಲೇಬೇಕು.

ಗ್ರಾಹಕರ ರಕ್ಷಣೆಯ ಪಾಠ ತೆಗೆದುಕೊಳ್ಳಿ. 1986ರ ಕಾಯ್ದೆಯ ಜಾಗಕ್ಕೆ 2019ರ ಕಾಯ್ದೆ ಬಂದು, 2020ರ ಜುಲೈನಲ್ಲಿ ಜಾರಿಯಾಯಿತು. ಆನ್‌ಲೈನ್ ಖರೀದಿಯೂ ಅದರ ವ್ಯಾಪ್ತಿಗೆ ಬಂತು. ಶೇರು ಮಾರುಕಟ್ಟೆಯ ಪಾಠದಲ್ಲಿ ವ್ಯವಹಾರ ಟಿ+2, ಅಂದರೆ ವಹಿವಾಟು ನಡೆದ ಎರಡು ಕೆಲಸದ ದಿನಗಳ ನಂತರ ಇತ್ಯರ್ಥವಾಗುತ್ತದೆ ಎಂದು ಹಳೆಯ ನೋಟ್ಸು ಹೇಳುತ್ತದೆ. 2023ರ ಜನವರಿ ಕೊನೆಯ ಹೊತ್ತಿಗೆ ಭಾರತದಲ್ಲಿ ಅದು ಪೂರ್ತಿಯಾಗಿ ಟಿ+1 ಆಯಿತು. ಬ್ಯಾಂಕುಗಳ ವಿಷಯವನ್ನಂತೂ ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಯೇ ಇಲ್ಲ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ಸೇರಿಹೋಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಅಪ್ಪನ ಪಾಸ್‌ಬುಕ್ಕಿನ ಮೇಲಿದ್ದ ಹೆಸರೇ ಅಳಿಸಿಹೋಯಿತು.

ಅತ್ತ ಊರಿನಲ್ಲಿ ಇಷ್ಟಾದರೆ ಇತ್ತ ನಾವಿರುವ ದೇಶವೂ ಸುಮ್ಮನೆ ಕೂತಿಲ್ಲ. ತೆರಿಗೆಯೇ ಇಲ್ಲದ ನಾಡೆಂದು ನಾವೆಲ್ಲ ಬಂದ ಯು.ಎ.ಇ.ಯಲ್ಲಿ 2018ರ ಜನವರಿ 1ರಿಂದ ಶೇಕಡಾ 5ರ ವ್ಯಾಟ್ ಬಂತು. 2023ರ ಜೂನ್ 1ರಿಂದ ಆರಂಭವಾಗುವ ಹಣಕಾಸು ವರ್ಷಗಳಿಗೆ ಕಾರ್ಪೊರೇಟ್ ಟ್ಯಾಕ್ಸ್ ಬಂತು: 3,75,000 ದಿರ್ಹಮ್ ದಾಟಿದ ತೆರಿಗೆಯೋಗ್ಯ ಲಾಭದ ಮೇಲೆ ಶೇಕಡಾ 9. ಸೌದಿ ಅರೇಬಿಯಾದಲ್ಲಿ 5 ಇದ್ದ ವ್ಯಾಟ್ 2020ರ ಜುಲೈನಲ್ಲಿ ಒಮ್ಮೆಲೇ 15ಕ್ಕೆ ಏರಿತು. ಬಹ್ರೇನಿನಲ್ಲಿ 2022ರಲ್ಲಿ 10 ಆಯಿತು. ಒಮಾನಿನಲ್ಲಿ 2021ರ ಏಪ್ರಿಲ್‌ನಲ್ಲಿ ಶೇಕಡಾ 5ರಿಂದ ಶುರುವಾಯಿತು.

ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪ ಟ್ರೇಡಿಂಗ್ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದಾರೆ, ಮೂರು ತಿಂಗಳಿಗೊಮ್ಮೆ ವ್ಯಾಟ್ ರಿಟರ್ನ್ ಸಲ್ಲಿಸುತ್ತಾರೆ. ಮಗಳು ಪಕ್ಕದ ಕೋಣೆಯಲ್ಲಿ ಕುಳಿತು ಜಿ.ಎಸ್‌.ಟಿ. ಎಂಟ್ರಿ ಬಾಯಿಪಾಠ ಮಾಡುತ್ತಿದ್ದಾಳೆ. ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಮಾರಾಟದ ಮೇಲೆ ವಸೂಲು ಮಾಡಿದ ತೆರಿಗೆಯಿಂದ ಕಳೆದು ಉಳಿದದ್ದನ್ನು ಕಟ್ಟುವುದು ಎರಡರದ್ದೂ ಮೂಲ ಲೆಕ್ಕ. ಇಬ್ಬರೂ ಮಾಡುತ್ತಿರುವುದು ಒಂದೇ ಕೆಲಸವೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತು ಮಾಡಿಸಬೇಕಾದವರು ನಾವು. ಹಾಗೆ ಮಾಡಿಸಬೇಕಾದರೆ ಮೊದಲು ನಮಗೆ ಎರಡೂ ಗೊತ್ತಿರಬೇಕು.

ಐವತ್ತು ಗಂಟೆಯ ಲೆಕ್ಕ

ಶಿಕ್ಷಕರು ಕಲಿಯುತ್ತಲೇ ಇರಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ತಮ್ಮ ವೃತ್ತಿಯ ಬೆಳವಣಿಗೆಗೆ ಕೊಡಬೇಕೆಂದಿದೆ. ಸಿ.ಬಿ.ಎಸ್‌.ಇ. ಕೂಡ ಅದನ್ನು ತನ್ನ ಶಾಲೆಗಳ ಮುಂದಿಟ್ಟಿದೆ. ಆ ನೀತಿಯಲ್ಲಿ ಒಂದು ಮುಖ್ಯ ಮಾತಿದೆ, ಅದನ್ನು ಯಾರೂ ಹೆಚ್ಚು ಎತ್ತಿ ಆಡುವುದಿಲ್ಲ: ಈ ಕಲಿಕೆ ಶಿಕ್ಷಕರ ಸ್ವಂತ ಆಸಕ್ತಿಯನ್ನು ಅನುಸರಿಸಿರಬೇಕು.

ನಡೆಯುತ್ತಿರುವುದು ಏನು? ಆಸಕ್ತಿ ಹಿಂದೆ ಉಳಿಯಿತು, ಗಂಟೆ ಮಾತ್ರ ಮುಂದೆ ಬಂತು. ಮಾರ್ಚ್ ಹತ್ತಿರ ಬಂತೆಂದರೆ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ವೆಬಿನಾರುಗಳ ಲಿಂಕಿನ ಮಳೆ. ಕೊನೆಗೆ ಫಾರ್ಮ್ ತುಂಬಿದರೆ ಸರ್ಟಿಫಿಕೇಟು. ವಿಷಯ ತರಗತಿಯ ಶಿಸ್ತು ಇರಬಹುದು, ಮಕ್ಕಳ ಮನಸ್ಸು ಇರಬಹುದು, ಕೃತಕ ಬುದ್ಧಿಮತ್ತೆ ಇರಬಹುದು. ಇವು ಬೇಡವೆಂದು ನಾವು ಹೇಳುವುದಿಲ್ಲ, ಎಲ್ಲ ಟೀಚರುಗಳಿಗೂ ಬೇಕು. ಆದರೆ ವರ್ಷದ 50 ಗಂಟೆ ಮುಗಿದ ಮೇಲೆ ಒಬ್ಬ ಕಾಮರ್ಸ್ ಟೀಚರಿಗೆ ಕಂಪನಿಯ ಬ್ಯಾಲೆನ್ಸ್ ಶೀಟು ಮೊದಲಿಗಿಂತ ಚೆನ್ನಾಗಿ ಓದಲು ಬರದಿದ್ದರೆ, ಆ ಬೆಳವಣಿಗೆಯ ಲೆಕ್ಕ ಟ್ಯಾಲಿ ಆಯಿತೆಂದು ಹೇಳುವುದು ಹೇಗೆ?

ಇದಕ್ಕೆ ಶಿಕ್ಷಕರನ್ನಷ್ಟೇ ದೂರುವುದು ಸರಿಯಲ್ಲ. ಗಲ್ಫಿನ ಶಾಲೆಯಲ್ಲಿ ಕಾಮರ್ಸ್ ಟೀಚರ್ ಬಹುಪಾಲು ಒಂಟಿ. ಗಣಿತಕ್ಕೆ ಆರು ಜನ, ಇಂಗ್ಲಿಷಿಗೆ ಎಂಟು ಜನ ಇರುವ ಸ್ಟಾಫ್‌ರೂಮಿನಲ್ಲಿ ಕಾಮರ್ಸಿಗೆ ಒಬ್ಬರೋ ಇಬ್ಬರೋ. ಸಣ್ಣ ಶಾಲೆಯಾದರೆ ಅಕೌಂಟೆನ್ಸಿಯೂ ಅವರದೇ, ಬಿಸಿನೆಸ್ ಸ್ಟಡೀಸೂ ಅವರದೇ, ಇಕನಾಮಿಕ್ಸೂ ಅವರದೇ. ಜೊತೆಗೆ ಬಸ್ ಡ್ಯೂಟಿ, ಪರೀಕ್ಷಾ ಡ್ಯೂಟಿ, ಅಡ್ಮಿಷನ್ ಸಮಯದಲ್ಲಿ ಪೋಷಕರಿಗೆ ಫೋನು. ಪಾರ್ಟ್ನರ್‌ಶಿಪ್ ಅಕೌಂಟಿನ ಒಂದು ಲೆಕ್ಕದಲ್ಲಿ ಅನುಮಾನ ಬಂದರೆ ಕೇಳಲು ಪಕ್ಕದ ಕುರ್ಚಿಯಲ್ಲಿ ಯಾರೂ ಇಲ್ಲ. ವೃತ್ತಿಯ ಮಾತನ್ನು ಆಡಿಕೊಳ್ಳಲು ಜನವೇ ಇಲ್ಲದಿದ್ದರೆ ವೃತ್ತಿ ಬೆಳೆಯುವುದು ಎಲ್ಲಿಂದ?

ದೀಪದ ಬುಡದ ಕತ್ತಲೆ

ನಾವು ಕಲಿಸುವ ಶಾಸ್ತ್ರ ಹುಟ್ಟಿದ ಬಗೆಯನ್ನು ಸ್ವಲ್ಪ ನೆನೆಯೋಣ. ಡಬಲ್ ಎಂಟ್ರಿಯನ್ನು ಮೊದಲು ಅಚ್ಚಿಗೆ ತಂದವರೆಂದು ನಾವು ಮಕ್ಕಳಿಗೆ ಹೇಳುವ ಲೂಕಾ ಪಾಚಿಯೋಲಿ ಒಬ್ಬ ಸನ್ಯಾಸಿ, ಗಣಿತದ ಮೇಷ್ಟ್ರು. ಅವರು ಆ ಪದ್ಧತಿಯನ್ನು ಕಂಡುಹಿಡಿಯಲಿಲ್ಲ. ವೆನಿಸ್ ನಗರದ ವ್ಯಾಪಾರಿಗಳು ಆಗಲೇ ಹಾಗೆ ಲೆಕ್ಕ ಬರೆಯುತ್ತಿದ್ದರು. ಯುವಕನಾಗಿದ್ದಾಗ ಪಾಚಿಯೋಲಿ ಅಲ್ಲಿನ ಒಬ್ಬ ವ್ಯಾಪಾರಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮುಂದೆ 1494ರಲ್ಲಿ ವೆನಿಸ್ಸಿನ ಕ್ರಮವನ್ನು ಒಪ್ಪವಾಗಿ ಪುಸ್ತಕಕ್ಕೆ ಇಳಿಸಿದರು. ಪಂಡಿತರ ಲ್ಯಾಟಿನ್ ಬಿಟ್ಟು ಜನರಾಡುವ ಇಟಾಲಿಯನ್ನಿನಲ್ಲಿ ಬರೆದರು. ಅಂದರೆ ನಮ್ಮ ಕುಲದ ಹಿರಿಯ ಮೇಷ್ಟ್ರು ಮೊದಲು ಅಂಗಡಿಯವರಿಂದ ಕಲಿತರು, ಆಮೇಲೆ ಕಲಿಸಿದರು.

ಮ್ಯಾನೇಜ್‌ಮೆಂಟ್ ಪಾಠದ ಹೆಸರುಗಳೂ ಹೀಗೆಯೇ. 14 ತತ್ತ್ವಗಳ ಹೆನ್ರಿ ಫೇಯೋಲ್ ಫ್ರಾನ್ಸಿನ ಗಣಿ ಕಂಪನಿಗೆ ಎಂಜಿನಿಯರಾಗಿ ಸೇರಿ, 1888ರಿಂದ 1918ರವರೆಗೆ ಅದನ್ನು ನಡೆಸಿದವರು. ಆ ಅನುಭವದ ಸಾರವನ್ನು 1916ರಲ್ಲಿ ಪ್ರಕಟಿಸಿದರು. ಎಫ್‌.ಡಬ್ಲ್ಯೂ. ಟೇಲರ್ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಗಾರನಾಗಿ ಸೇರಿ ಫೋರ್‌ಮನ್ ಆದವರು. ಇವರ ತತ್ತ್ವಗಳನ್ನು ನಾವು ಪಾಯಿಂಟ್ ಮಾಡಿ, ಮೊದಲಕ್ಷರ ಜೋಡಿಸಿ ಬಾಯಿಪಾಠ ಮಾಡಿಸುತ್ತೇವೆ. ಆದರೆ ಒಬ್ಬ ಕೆಲಸಗಾರನಿಗೆ ಇಬ್ಬರು ಸೂಪರ್‌ವೈಸರುಗಳು ಬೇರೆಬೇರೆ ಆರ್ಡರ್ ಕೊಟ್ಟರೆ ಸೈಟಿನಲ್ಲಿ ಏನಾಗುತ್ತದೆ ಎಂಬುದನ್ನು ಫೇಯೋಲ್‌ಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ ಸಂಘದಲ್ಲೇ ಇದ್ದಾರಲ್ಲ! 'ಯೂನಿಟಿ ಆಫ್ ಕಮಾಂಡ್' ಎಂಬ ತತ್ತ್ವದ ಹತ್ತು ನಿಮಿಷದ ಪಾಠವನ್ನು ಅಂಥ ಫೋರ್‌ಮನ್ ಒಬ್ಬರು ಮಾಡಿದರೆ ಮಕ್ಕಳು ಜನ್ಮದಲ್ಲಿ ಮರೆಯಲಾರರು.

ಇನ್ನೂ ಹತ್ತಿರದ ಉದಾಹರಣೆ ಜೆಬೆಲ್ ಅಲಿ. ಬಂದರು ಶುರುವಾದದ್ದು 1979ರಲ್ಲಿ, ಅಲ್ಲಿನ ಫ್ರೀ ಝೋನ್ 1985ರಲ್ಲಿ. ಪ್ರಪಂಚದ ದೊಡ್ಡ ಕಂಟೇನರ್ ಬಂದರುಗಳಲ್ಲಿ ಅದೂ ಒಂದು. ಅದರ ಆಸುಪಾಸಿನ ಶಾಲೆಗಳಲ್ಲಿ ನಾವು ಅಂತಾರಾಷ್ಟ್ರೀಯ ವ್ಯಾಪಾರದ ಪಾಠ ಮಾಡುತ್ತೇವೆ. ಲೆಟರ್ ಆಫ್ ಕ್ರೆಡಿಟ್, ಬಿಲ್ ಆಫ್ ಲೇಡಿಂಗ್, ಸರ್ಟಿಫಿಕೇಟ್ ಆಫ್ ಒರಿಜಿನ್ ಎಂದು ಬೋರ್ಡಿನ ಮೇಲೆ ಬರೆಯುತ್ತೇವೆ, ಮಕ್ಕಳು ಬರೆದುಕೊಳ್ಳುತ್ತಾರೆ. ಆ ಕಾಗದ ಉದ್ದವೋ ಅಗಲವೋ, ಅದರಲ್ಲಿ ಯಾರ ಸಹಿ ಇರುತ್ತದೆ, ಒಂದು ಅಕ್ಷರ ತಪ್ಪಿದರೆ ಬ್ಯಾಂಕು ಏಕೆ ಹಣ ತಡೆಯುತ್ತದೆ ಎಂಬುದು ಮಕ್ಕಳಿಗೆ ಗೊತ್ತಾಗುವುದೇ ಇಲ್ಲ. ಅದೇ ಮಕ್ಕಳ ಅಪ್ಪಂದಿರು, ಚಿಕ್ಕಪ್ಪಂದಿರು ದಿನವೂ ಅವೇ ಕಾಗದಗಳನ್ನು ಮಾಡುತ್ತಿರುತ್ತಾರೆ. ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ.

ಊರಿನ ಯಾವ ಕಾಮರ್ಸ್ ಟೀಚರಿಗೂ ಸಿಗದ ಅವಕಾಶ ನಮಗಿದೆ. ಸಂಘದ ಒಂದು ಕಾರ್ಯಕ್ರಮಕ್ಕೆ ಬಂದವರನ್ನು ಎಣಿಸಿದರೆ ಸಾಕು: ಆಡಿಟರು, ಸ್ಟೋರ್ ಕೀಪರು, ಪರ್ಚೇಸ್ ಆಫೀಸರು, ಎಕ್ಸ್‌ಚೇಂಜ್ ಕೌಂಟರಿನವರು, ಹೋಟೆಲ್ ನಡೆಸುವವರು, ಕಾರ್ಗೋದವರು, ಸೂಪರ್‌ಮಾರ್ಕೆಟ್ಟಿನಲ್ಲಿ ರ‍್ಯಾಕ್ ಜೋಡಿಸುವವರು. ನಮ್ಮ ಸಿಲೆಬಸ್ಸಿನ ಒಂದೊಂದು ಅಧ್ಯಾಯವೂ ಒಂದೊಂದು ಕುರ್ಚಿಯಲ್ಲಿ ಕುಳಿತು ಬಿಸಿಬೇಳೆಬಾತ್ ತಿನ್ನುತ್ತಿರುತ್ತದೆ. ಆದರೂ ನಾವು ಪರಸ್ಪರ ಕೇಳುವುದು, "ಊರಿಗೆ ಯಾವಾಗ ಹೋಗ್ತೀರಿ? ಟಿಕೆಟ್ ಎಷ್ಟಾಯ್ತು?" ಇಷ್ಟೇ.

ಕೊಡುವುದೂ ಒಂದು ಕಲಿಕೆ

ಇಲ್ಲಿಯವರೆಗೆ ನಾವು ನಿಮ್ಮಿಂದ ಕಲಿಯಬೇಕಾದದ್ದನ್ನು ಹೇಳಿದೆವು. ನಾವು ಕೊಡಬೇಕಾದದ್ದೂ ಇದೆ. ನಮ್ಮ ಜನರಲ್ಲಿ ಎಷ್ಟೋ ಮಂದಿ ಇಪ್ಪತ್ತು ವರ್ಷ ಇಲ್ಲಿ ದುಡಿದರೂ ತಮ್ಮ ಗ್ರ್ಯಾಚುಯಿಟಿ ಎಷ್ಟೆಂದು ತಾವೇ ಲೆಕ್ಕ ಹಾಕಿದವರಲ್ಲ. ಕಂಪನಿ ಕೊಟ್ಟ ಕಾಗದಕ್ಕೆ ಸಹಿ ಹಾಕಿ ವಿಮಾನ ಹತ್ತುತ್ತಾರೆ. ಆ ಲೆಕ್ಕ ಹನ್ನೊಂದನೇ ತರಗತಿಯ ಮಕ್ಕಳು ಮಾಡುವಷ್ಟು ಸುಲಭ.

ಯು.ಎ.ಇ.ಯ ಖಾಸಗಿ ವಲಯದ ಸಾಮಾನ್ಯ ನಿಯಮ ಹೀಗಿದೆ. ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ, ಅನಂತರದ ಪ್ರತಿ ವರ್ಷಕ್ಕೆ 30 ದಿನದ ಮೂಲ ವೇತನ. ಒಟ್ಟು ಮೊತ್ತ ಎರಡು ವರ್ಷದ ಸಂಬಳ ಮೀರುವಂತಿಲ್ಲ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಕಾನೂನಿನ ಪ್ರಕಾರ ತಾನಾಗಿ ರಾಜೀನಾಮೆ ಕೊಟ್ಟರೂ ಮೊದಲಿನಂತೆ ಕಡಿತವಿಲ್ಲ. ಕೆಲಸ ಮುಗಿದ 14 ದಿನಗಳೊಳಗೆ ಬಾಕಿಯನ್ನೆಲ್ಲ ಕೊಡಬೇಕು.

ಒಬ್ಬರ ಮೂಲ ವೇತನ ತಿಂಗಳಿಗೆ 1,500 ದಿರ್ಹಮ್, ಎಂಟು ವರ್ಷದ ಸೇವೆ ಎನ್ನೋಣ. ದಿನಕ್ಕೆ 50 ದಿರ್ಹಮ್. ಮೊದಲ ಐದು ವರ್ಷಕ್ಕೆ 105 ದಿನ, ಉಳಿದ ಮೂರು ವರ್ಷಕ್ಕೆ 90 ದಿನ, ಒಟ್ಟು 195 ದಿನ. ಬರಬೇಕಾದದ್ದು 9,750 ದಿರ್ಹಮ್. ಇಲ್ಲಿ ಗಮನಿಸಬೇಕಾದದ್ದು ಮೂಲ ವೇತನ ಎಂಬ ಮಾತು. ಕೈಗೆ ಬರುವ ಸಂಬಳ 3,000 ಇದ್ದು, ಕಾಂಟ್ರ್ಯಾಕ್ಟಿನಲ್ಲಿ ಮೂಲ ವೇತನ 1,500 ಎಂದಿದ್ದರೆ ಲೆಕ್ಕ ನಡೆಯುವುದು 1,500ರ ಮೇಲೆ. ಕೆಲಸಕ್ಕೆ ಸೇರುವ ದಿನ ಈ ಒಂದು ಸಾಲನ್ನು ಓದಿ ಸಹಿ ಹಾಕಿದವನಿಗೂ ಓದದೆ ಸಹಿ ಹಾಕಿದವನಿಗೂ ಇರುವ ವ್ಯತ್ಯಾಸ, ಊರಲ್ಲಿ ಒಂದು ಬಾವಿ ತೋಡಿಸುವಷ್ಟು ಹಣ.

ಅದೇ ರೀತಿ ಊರಿನ ಬ್ಯಾಂಕ್ ಖಾತೆ. ಅನಿವಾಸಿಯಾದ ಮೇಲೆ ಹಳೆಯ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ನಡೆಸುವಂತಿಲ್ಲ, ಅದನ್ನು ಎನ್‌.ಆರ್‌.ಓ. ಮಾಡಿಸಬೇಕು. ಇಲ್ಲಿಂದ ಕಳಿಸುವ ದುಡ್ಡಿಗೆ ಎನ್‌.ಆರ್‌.ಇ. ಖಾತೆ ಇಟ್ಟರೆ ಅದರ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ. ಎರಡು ವಾಕ್ಯದ ವಿಷಯ. ಆದರೆ ಈ ಎರಡು ವಾಕ್ಯವನ್ನು ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಕುಳಿತು ಹೇಳುವವರು ಬೇಕು. ಇಂಗ್ಲಿಷಿನ ಫಾರ್ಮು ನೋಡಿ ಹೆದರುವವರು ತಮ್ಮ ಮಾತಿನಲ್ಲಿ ಕೇಳಿದರೆ ಒಂದೇ ಸಲಕ್ಕೆ ತಿಳಿದುಕೊಳ್ಳುತ್ತಾರೆ.

ನಮ್ಮ ನಾಡಿನ ಮಟ್ಟಿಗೆ ಇದು ಹೊಸ ವಿಚಾರವೇನಲ್ಲ. ಜಮಾ, ಖರ್ಚು, ಕಿರ್ದಿ, ಖಾತೆ, ಶಿಲ್ಕು ಎಂಬ ಮಾತುಗಳು ನಮ್ಮ ಅಜ್ಜಂದಿರ ಬಾಯಲ್ಲಿ ಕಾಲೇಜಿನ ಹಂಗಿಲ್ಲದೆ ಓಡಾಡುತ್ತಿದ್ದವು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ನಾಟಕ ಬ್ಯಾಂಕು, 1925ರಲ್ಲಿ ಮುಂದೆ ಸಿಂಡಿಕೇಟ್ ಎಂದು ಹೆಸರಾದ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ಹುಟ್ಟಿದ ನೆಲ ನಮ್ಮದು. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ಏಜೆಂಟರು ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿ ತಂದರು. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆಗೆ ಅವರು ಪಾಸ್‌ಬುಕ್ ಮಾಡಿಸಿಕೊಟ್ಟರು. ಜನ ಬ್ಯಾಂಕಿಗೆ ಬರುವವರೆಗೆ ಕಾಯದೆ ಬ್ಯಾಂಕು ಜನರ ಬಳಿಗೆ ಹೋಯಿತು. ಕಾಮರ್ಸ್ ಕಲಿತವರು ಈಗ ಮಾಡಬೇಕಾದದ್ದೂ ಅದನ್ನೇ.

ಹೀಗೆ ಕೊಡುವುದರಿಂದ ನಮಗೇನು ಲಾಭ? ಬಹಳ ಲಾಭ. ತರಗತಿಯಲ್ಲಿ ಮಕ್ಕಳು ಪರೀಕ್ಷೆಗೆ ಬರುವ ಪ್ರಶ್ನೆಯನ್ನಷ್ಟೇ ಕೇಳುತ್ತಾರೆ. ಹದಿನೈದು ವರ್ಷ ದುಡಿದ ಮನುಷ್ಯ ಕೇಳುವ ಪ್ರಶ್ನೆ ಬೇರೆ: "ಸರ್, ರಜೆಯ ಸಂಬಳ ಮೂಲ ವೇತನದ ಮೇಲೋ ಪೂರ್ತಿ ಸಂಬಳದ ಮೇಲೋ? ಊರಲ್ಲಿ ಜಾಗ ಮಾರಿದ ಹಣವನ್ನು ಯಾವ ಖಾತೆಗೆ ಹಾಕಬೇಕು?" ಉತ್ತರ ಗೊತ್ತಿಲ್ಲದಿದ್ದರೆ ಹುಡುಕಲೇಬೇಕು. ಯಾವ ವೆಬಿನಾರೂ ಕೊಡದ ತರಬೇತಿ ಇದು.

ಸಮಯವಿಲ್ಲ, ಸಂಬಳವಿಲ್ಲ ಎಂಬ ಮಾತು

ಇದಕ್ಕೆಲ್ಲ ಆಕ್ಷೇಪಗಳಿವೆ, ಅವು ಹುರುಳಿಲ್ಲದ ಆಕ್ಷೇಪಗಳೂ ಅಲ್ಲ. ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿ, ಮಧ್ಯಾಹ್ನ ಮೂರಕ್ಕೆ ಇಳಿದು, ಮನೆಯಲ್ಲಿ ಅಡುಗೆ, ಮಕ್ಕಳ ಹೋಮ್‌ವರ್ಕು, ಉತ್ತರಪತ್ರಿಕೆ ಮೌಲ್ಯಮಾಪನ ಮಾಡುವ ಶಿಕ್ಷಕಿಗೆ "ನೀನು ಬೆಳೆಯಬೇಕು" ಎಂದು ಹೇಳುವುದು ಸುಲಭ. ಎರಡು ವರ್ಷಕ್ಕೊಮ್ಮೆ ವೀಸಾ ನವೀಕರಣ, ಮುಂದಿನ ವರ್ಷ ಸೆಕ್ಷನ್ ಕಡಿಮೆಯಾದರೆ ಕೆಲಸವಿದೆಯೋ ಇಲ್ಲವೋ ಎಂಬ ಚಿಂತೆ. ಹೊಸದೇನಾದರೂ ಕಲಿತರೆ ಸಂಬಳ ಏರುವ ಖಾತರಿಯಿಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಮಕ್ಕಳಿಗೆ ತೊಂಬತ್ತು ಬಂದರೆ ಟೀಚರ್ ಒಳ್ಳೆಯವರು, ಬರದಿದ್ದರೆ ಅಲ್ಲ. ಬಿಲ್ ಆಫ್ ಲೇಡಿಂಗ್ ತೋರಿಸಿದ್ದಕ್ಕೆ ಅಂಕ ಕೊಡುವವರು ಯಾರು?

ಈ ಮಾತುಗಳಲ್ಲಿ ಒಂದು ಭಾಗ ಶಾಲೆಗಳ ಆಡಳಿತಕ್ಕೆ ಸಲ್ಲಬೇಕು. ಶಿಕ್ಷಕರ ಬೆಳವಣಿಗೆ ಶಾಲೆಗೇ ಲಾಭ ತರುವಂಥದ್ದು, ಆದ್ದರಿಂದ ಅದರ ಸಮಯವನ್ನು ಶಾಲೆಯೇ ಕೊಡಬೇಕು. 50 ಗಂಟೆಯಲ್ಲಿ ಹತ್ತು ಗಂಟೆಯನ್ನಾದರೂ ಅವರವರ ವಿಷಯಕ್ಕೆ ಮೀಸಲಿಡಲಿ. ಒಬ್ಬ ಕಾಮರ್ಸ್ ಟೀಚರ್ ವರ್ಷಕ್ಕೆ ಎರಡು ದಿನ ಒಂದು ಆಡಿಟ್ ಆಫೀಸಿನಲ್ಲೋ ಗೋದಾಮಿನಲ್ಲೋ ಕುಳಿತು ನೋಡಿ ಬಂದರೆ ಅದನ್ನೂ ತರಬೇತಿಯೆಂದು ಲೆಕ್ಕಕ್ಕೆ ಹಿಡಿಯಲಿ. ದುಡ್ಡು ಖರ್ಚಾಗದ ಕೆಲಸ ಇದು.

ಅಂಕದ ವಿಷಯಕ್ಕೆ ಉತ್ತರ ಸಿಲೆಬಸ್ಸಿನಲ್ಲೇ ಇದೆ. ಅಕೌಂಟೆನ್ಸಿಯಲ್ಲೂ ಬಿಸಿನೆಸ್ ಸ್ಟಡೀಸ್‌ನಲ್ಲೂ ಬರೆಯುವ ಪರೀಕ್ಷೆಗೆ 80 ಅಂಕ, ಪ್ರಾಜೆಕ್ಟಿಗೆ 20. ಆ ಇಪ್ಪತ್ತು ಅಂಕದ ಪ್ರಾಜೆಕ್ಟುಗಳು ಹೇಗೆ ತಯಾರಾಗುತ್ತವೆ ಎಂಬುದು ಪೋಷಕರಾದ ನಿಮಗೂ ಗೊತ್ತು. ಇಂಟರ್ನೆಟ್ಟಿನಿಂದ ಇಳಿಸಿ, ಬಣ್ಣದ ಪ್ರಿಂಟ್ ತೆಗೆದು, ಸ್ಪೈರಲ್ ಬೈಂಡಿಂಗ್ ಮಾಡಿಸಿದರೆ ಮುಗಿಯಿತು. ಅದರ ಬದಲು ಒಬ್ಬ ಹುಡುಗ ತನ್ನ ಬಿಲ್ಡಿಂಗಿನ ಕೆಳಗಿರುವ ಕಿರಾಣಿ ಅಂಗಡಿಯ ಒಂದು ವಾರದ ಖರೀದಿ, ಮಾರಾಟ, ಹಾಳಾದ ಸರಕಿನ ಲೆಕ್ಕ ಬರೆದು ತಂದರೆ? ತರಕಾರಿಯ ದರ ಬೆಳಿಗ್ಗೆಗೂ ರಾತ್ರಿಗೂ ಏಕೆ ಬೇರೆ ಎಂದು ಕೇಳಿ ಬಂದರೆ? ಅಂಥ ಪ್ರಾಜೆಕ್ಟು ಮಾಡಿಸಲು ಟೀಚರಿಗೆ ಆ ಅಂಗಡಿಯವರ ಪರಿಚಯವಿರಬೇಕು. ಸಂಘ ಇರುವುದು ಅದಕ್ಕೇ ಅಲ್ಲವೇ?

ಇನ್ನು ಸಂಬಳದ ಮಾತು. ಕಲಿತ ಕೂಡಲೇ ಸಂಬಳ ಏರುವುದಿಲ್ಲ, ನಿಜ. ಆದರೆ ನಮ್ಮಲ್ಲಿ ಯಾರೂ ಇಲ್ಲಿ ಶಾಶ್ವತವಲ್ಲ. ಒಂದು ದಿನ ಊರಿಗೆ ಮರಳಬೇಕು, ಇಲ್ಲವೇ ಇನ್ನೊಂದು ದೇಶಕ್ಕೆ. ಆ ದಿನ ಕೈಯಲ್ಲಿ ಸರ್ಟಿಫಿಕೇಟಿನ ಕಟ್ಟು ಎಷ್ಟು ದಪ್ಪವಿದೆ ಎಂದು ಕೇಳುವವರು ಕಡಿಮೆ. ಭಾರತದ ಜಿ.ಎಸ್‌.ಟಿ.ಯನ್ನೂ ಗಲ್ಫಿನ ವ್ಯಾಟನ್ನೂ ಎದುರುಬದುರು ಇಟ್ಟು ಪಾಠ ಮಾಡಬಲ್ಲ, ಬಂದರಿನ ಕಾಗದಗಳನ್ನು ಕಣ್ಣಾರೆ ಕಂಡ ಶಿಕ್ಷಕರಿಗೆ ಬೇರೆ ತೂಕವಿದೆ.

ಇಲ್ಲಿ ಇನ್ನೊಂದು ಗುಂಪನ್ನೂ ನೆನೆಯಬೇಕು. ಊರಲ್ಲಿ ಎಂ.ಕಾಂ. ಮುಗಿಸಿ, ಮದುವೆಯಾಗಿ ಗಂಡನ ವೀಸಾದಲ್ಲಿ ಬಂದು, ಬಿ.ಎಡ್. ಇಲ್ಲದ ಕಾರಣಕ್ಕೆ ಶಾಲೆಗೆ ಸೇರಲಾಗದೆ ಮನೆಯಲ್ಲಿರುವ ಹೆಣ್ಣುಮಕ್ಕಳು ನಮ್ಮ ಸಂಘದಲ್ಲಿ ಹಲವರಿದ್ದಾರೆ. ಯಾವ ಓದು ಮಾಡಿದರೆ ಇಲ್ಲಿ ಒಪ್ಪುತ್ತಾರೆ, ಸರ್ಟಿಫಿಕೇಟ್ ಅಟೆಸ್ಟೇಶನ್ ಹೇಗೆ, ಡೆಮೊ ಕ್ಲಾಸು ಹೇಗಿರುತ್ತದೆ ಎಂದು ಹೇಳುವವರಿದ್ದರೆ ಅವರಲ್ಲಿ ಕೆಲವರಾದರೂ ತರಗತಿಯವರೆಗೆ ಬರುತ್ತಾರೆ. ಕಲಿತ ಲೆಕ್ಕ ಕಪಾಟಿನಲ್ಲಿ ತುಕ್ಕು ಹಿಡಿಯುವುದು ಯಾರಿಗೂ ಲಾಭವಲ್ಲ.

ನಾಲ್ಕು ಕೆಲಸ

ಮಾತು ಸಾಕು, ಮಾಡಬಹುದಾದ್ದನ್ನು ಹೇಳುತ್ತೇವೆ. ಮೊದಲನೆಯದು, ಎರಡು ತಿಂಗಳಿಗೊಮ್ಮೆ ಒಂದು ಶನಿವಾರ ಸಂಜೆ, ಬೇರೆಬೇರೆ ಶಾಲೆಗಳ ಕನ್ನಡದ ಕಾಮರ್ಸ್ ಶಿಕ್ಷಕರು ಸೇರಬೇಕು. ಭಾಷಣ ಬೇಡ, ಮುಖ್ಯ ಅತಿಥಿ ಬೇಡ, ಹೂಗುಚ್ಛ ಖಂಡಿತ ಬೇಡ. ಒಬ್ಬರು ಕಷ್ಟವಾದ ಒಂದು ಪಾಠ ಮಾಡಿ ತೋರಿಸಲಿ, ಉಳಿದವರು ತಿದ್ದಲಿ. ಒಂಟಿತನ ಹೋಗಲು ಇಷ್ಟೇ ಸಾಕು.

ಎರಡನೆಯದು, ಆ ಸಂಜೆಗೆ ಪ್ರತಿ ಬಾರಿ ಒಬ್ಬ ದುಡಿಯುವ ಸದಸ್ಯರು ಅತಿಥಿಯಾಗಿ ಬರಲಿ. ತಮ್ಮ ಕೆಲಸದ ಒಂದು ಖಾಲಿ ನಮೂನೆ ತಂದು ಅದನ್ನು ತುಂಬುವುದು ಹೇಗೆಂದು ವಿವರಿಸಲಿ. ಸ್ಟಾಕ್ ಕಾರ್ಡು, ಪರ್ಚೇಸ್ ಆರ್ಡರು, ಡೆಲಿವರಿ ನೋಟು, ಯಾವುದಾದರೂ ಸರಿ. ಕಂಪನಿಯ ಅಂಕಿ ಅಂಶ, ಗ್ರಾಹಕರ ಹೆಸರು ಇರುವ ಕಾಗದ ಬೇಡ. ಅದು ನಂಬಿಕೆಯ ಪ್ರಶ್ನೆ, ಕಾನೂನಿನ ಪ್ರಶ್ನೆ ಕೂಡ. ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಚಾಪ್ಟರುಗಳು ದುಬೈ, ಅಬುಧಾಬಿ, ಮಸ್ಕತ್, ಬಹ್ರೇನ್, ಕುವೈತ್ ಮುಂತಾದ ಕಡೆ ಇವೆ. ಅವುಗಳಲ್ಲಿ ಸದಸ್ಯರಾಗಿರುವ ನಮ್ಮವರು ವರ್ಷಕ್ಕೊಮ್ಮೆ ತೆರಿಗೆಯ ಹೊಸ ಬದಲಾವಣೆಗಳನ್ನು ನಮಗೆ ಹೇಳಿಕೊಟ್ಟರೆ ಅದೇ ದೊಡ್ಡ ಉಪಕಾರ.

ಮೂರನೆಯದು, ಸಂಘದ ಸದಸ್ಯರಿಗಾಗಿ "ನಮ್ಮ ಸಂಬಳ, ನಮ್ಮ ಲೆಕ್ಕ" ಎಂಬ ಉಚಿತ ಕೂಟ. ಗ್ರ್ಯಾಚುಯಿಟಿ, ಬ್ಯಾಂಕ್ ಖಾತೆ, ಮನೆಯ ಬಜೆಟ್ಟು, ಸಾಲದ ಬಡ್ಡಿ, ಇಷ್ಟೇ ವಿಷಯ. ಎಲ್ಲಿ ಹಣ ಹೂಡಬೇಕೆಂಬ ಸಲಹೆಯನ್ನು ನಾವು ಕೊಡಬಾರದು, ಯಾವ ಸ್ಕೀಮನ್ನೂ ಮಾರಲು ಬಿಡಬಾರದು, ಯಾರಿಂದಲೂ ಹಣ ಸಂಗ್ರಹಿಸಬಾರದು. ಇಲ್ಲಿನ ನಿಯಮಗಳ ಒಳಗೇ, ಅನುಮತಿ ಬೇಕಾದಲ್ಲಿ ಪಡೆದೇ ನಡೆಸಬೇಕು. ಲೆಕ್ಕ ಹಾಕುವುದನ್ನು ಕಲಿಸೋಣ, ತೀರ್ಮಾನ ಅವರವರದು.

ನಾಲ್ಕನೆಯದು, ಸಂಘದ ವೇದಿಕೆ. ರಾಜ್ಯೋತ್ಸವದಲ್ಲಿ ನಮ್ಮ ಮಕ್ಕಳು ಕುಣಿಯುತ್ತಾರೆ, ಹಾಡುತ್ತಾರೆ, ಯಕ್ಷಗಾನದ ವೇಷ ಕಟ್ಟುತ್ತಾರೆ. ಅದೆಲ್ಲ ಇರಲಿ, ಇನ್ನೂ ಹೆಚ್ಚಲಿ. ಜೊತೆಗೆ ಹೊರಗಿನ ಹಾಲಿನಲ್ಲಿ ಎರಡು ಮೇಜು ಕೊಡಿ. ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳು ತಾವು ಕಂಡ ಅಂಗಡಿಯ, ಗೋದಾಮಿನ, ಹೋಟೆಲಿನ ಲೆಕ್ಕವನ್ನು ಚಾರ್ಟು ಮಾಡಿ ಇಡಲಿ. ನೋಡಲು ಬಂದ ಹೋಟೆಲಿನವರು "ಇಲ್ಲಿ ಗ್ಯಾಸಿನ ಖರ್ಚು ಬಿಟ್ಟಿದ್ದೀಯಲ್ಲ ಮಗಾ" ಎಂದು ತಿದ್ದಲಿ.

ಸೈನ್ಸಿಗೆ ಅಂಕ ಸಾಲದ್ದಕ್ಕೆ ಕಾಮರ್ಸ್ ತೆಗೆದುಕೊಂಡ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅದನ್ನು ಕೇಳಿಯೇ ಮಕ್ಕಳು ತಲೆ ತಗ್ಗಿಸಿಕೊಂಡು ನಮ್ಮ ತರಗತಿಗೆ ಬರುತ್ತಾರೆ. ವ್ಯಾಪಾರದಿಂದಲೇ ಬೆಳೆದ ಊರಿನಲ್ಲಿ, ವ್ಯಾಪಾರದ ಸಂಸ್ಥೆಗಳಲ್ಲೇ ದುಡಿದು ಉಣ್ಣುವ ನಾವು ಹಾಗೆನ್ನುವುದು ಸರಿಯೇ? ಆ ಮಗುವಿನ ತಲೆ ಎತ್ತಿಸುವುದು ಉಪದೇಶದಿಂದ ಆಗುವ ಕೆಲಸವಲ್ಲ. ತನ್ನ ಟೀಚರಿಗೆ ಈ ಲೋಕ ಗೊತ್ತು, ತನ್ನ ಅಪ್ಪನ ಕೆಲಸ ಈ ಪುಸ್ತಕದಲ್ಲಿದೆ ಎಂದು ಅದಕ್ಕೆ ಕಾಣಬೇಕು.

ಆದ್ದರಿಂದ ಕಾಮರ್ಸ್ ಕಲಿಸುವ ಗೆಳೆಯ ಗೆಳತಿಯರೇ, ಮುಂದಿನ ಕಾರ್ಯಕ್ರಮಕ್ಕೆ ಬಂದಾಗ ಸಂಘದ ಕಾರ್ಯದರ್ಶಿಗಳ ಬಳಿ ನಿಮ್ಮ ಹೆಸರು ಬರೆಸಿ. ಅಂಗಡಿ, ಆಫೀಸು, ಗೋದಾಮುಗಳಲ್ಲಿ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ಬರೆಸಿ. ಹೆಸರಿನ ಮುಂದೆ ನಿಮ್ಮ ಡಿಗ್ರಿ ಬೇಡ. ದಿನವೂ ಯಾವ ಕಾಗದ ತುಂಬುತ್ತೀರಿ ಎಂಬುದನ್ನು ಬರೆದರೆ ಸಾಕು, ನಮ್ಮ ಮೊದಲ ಪಾಠ ಅಲ್ಲಿಂದ ಶುರು.